ತಕ್ಕಡಿಯ ನ್ಯಾಯ ಕೇಳಿದ ಗಣಿ ಕಾರ್ಮಿಕ ಫಿಲಿಪ್ ಮರ್ರೇ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸಮೀಪ ಬ್ಲಾಂಟೈರ್ ಎಂಬ ಊರಿದೆ. ಆಫ್ರಿಕಾಕ್ಕೆ ಹೋದ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಊರೆಂದು ಅನೇಕರು ಅದನ್ನು ಬಲ್ಲರು. ಕಲ್ಲಿದ್ದಲು ಅಗೆಯುವ ಕುಟುಂಬಗಳಿಗಾದರೋ ಆ ಹೆಸರು ಬೇರೊಂದು ಸಂಗತಿಯನ್ನು ನೆನಪಿಗೆ ತರುತ್ತಿತ್ತು. 1877ರ ಅಕ್ಟೋಬರ್ 22ರಂದು ಅಲ್ಲಿಯ ಗಣಿಯಲ್ಲಿ ಅನಿಲ ಸ್ಫೋಟಗೊಂಡು ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಇದೇ ಊರಿನಲ್ಲಿ 1886ರ ಮೇ 25ರಂದು ಫಿಲಿಪ್ ಮರ್ರೇ ಜನಿಸಿದರು. ತಂದೆ ವಿಲಿಯಂ ಹೊಟ್ಟೆಪಾಡಿಗಾಗಿ ಐರ್ಲೆಂಡಿನಿಂದ ಬಂದ ಕಥೋಲಿಕರು, ಗಣಿ ಕೆಲಸಗಾರರು, ಕಾರ್ಮಿಕ ಸಂಘದ ಸ್ಥಳೀಯ ಮುಂದಾಳು. ಮಗುವಿಗೆ ಎರಡು ವರ್ಷವಾದಾಗ ತಾಯಿ ತೀರಿಕೊಂಡರು. ತಂದೆ ಮರುಮದುವೆಯಾದರು, ಮನೆ ತುಂಬ ಮಕ್ಕಳಾದರು. ಹಿರಿಯವನಾದ ಫಿಲಿಪ್ ಹತ್ತನೆಯ ವಯಸ್ಸಿಗೇ ಶಾಲೆ ಬಿಟ್ಟು ಗಣಿಗೆ ಇಳಿಯಬೇಕಾಯಿತು.

1902ರಲ್ಲಿ ತಂದೆ ಮತ್ತು ಹಿರಿಯ ಮಗ ಇಬ್ಬರೇ ಅಮೆರಿಕದ ಹಡಗು ಹತ್ತಿದರು. ಬಡವರ ವಲಸೆಯ ಪದ್ಧತಿಯೇ ಅದು. ದುಡಿಯುವ ತೋಳುಗಳು ಮೊದಲು ಹೋಗಬೇಕು, ಉಳಿದವರ ಪ್ರಯಾಣದ ಹಣ ಕೂಡುವವರೆಗೆ ತಾಯಿ ಮಕ್ಕಳು ಊರಿನಲ್ಲಿಯೇ ಕಾಯಬೇಕು. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಪ್ರದೇಶದಲ್ಲಿ ಇಬ್ಬರಿಗೂ ಕಲ್ಲಿದ್ದಲ ಗಣಿಯಲ್ಲಿಯೇ ಕೆಲಸ ಸಿಕ್ಕಿತು. ಒಂದೇ ವರ್ಷದಲ್ಲಿ ಅವರು ಹಣ ಕೂಡಿಸಿ ಇಡೀ ಸಂಸಾರವನ್ನು ಕರೆಸಿಕೊಂಡರೆಂದರೆ ಎಷ್ಟು ದುಡಿದಿರಬೇಕು, ಎಷ್ಟು ಬಿಗಿಹಿಡಿದು ಬದುಕಿರಬೇಕು!

ಆ ದುಡಿಮೆಗೆ ಕೂಲಿ ಕೊಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಗಣಿಯವನಿಗೆ ದಿನಗೂಲಿ ಇರಲಿಲ್ಲ, ಟನ್ನಿಗೆ ಇಷ್ಟೆಂದು ಲೆಕ್ಕ. ಕತ್ತಲಲ್ಲಿ ಮಲಗಿ ಕುಳಿತು ಅಗೆದ ಕಲ್ಲಿದ್ದಲನ್ನು ಬಂಡಿಗೆ ತುಂಬಿ, ತನ್ನ ಸಂಖ್ಯೆಯಿದ್ದ ಬಿಲ್ಲೆಯನ್ನು ಅದಕ್ಕೆ ತಗುಲಿಸಿ ಮೇಲಕ್ಕೆ ಕಳುಹಿಸುತ್ತಿದ್ದ. ಅಲ್ಲಿ ಕಂಪೆನಿಯ ತಕ್ಕಡಿ, ಕಂಪೆನಿಯ ಗುಮಾಸ್ತ. ನೆಲದೊಳಗಿರುವವನಿಗೆ ಮೇಲಿನ ಮುಳ್ಳು ಎಲ್ಲಿ ನಿಂತಿತೆಂದು ತಿಳಿಯುವುದು ಹೇಗೆ? ಸುರಂಗಕ್ಕೆ ಮರದ ಆಸರೆ ಕೊಡುವುದು, ನೀರು ಎತ್ತಿ ಹಾಕುವುದು ಮುಂತಾದ ಕೆಲಸಗಳಿಗೆ ಅನೇಕ ಕಡೆ ಬಿಡಿಗಾಸೂ ಇರಲಿಲ್ಲ. ಆದ್ದರಿಂದ ಆ ತಕ್ಕಡಿಯ ಮಾತೇ ಮನೆಯ ರೊಟ್ಟಿಯ ಮಾತು. ಬ್ರಿಟನ್ನಿನಲ್ಲಿ ತೂಕ ನೋಡಲು ತಮ್ಮವನೊಬ್ಬನನ್ನು ಇಟ್ಟುಕೊಳ್ಳುವ ಹಕ್ಕನ್ನು ಗಣಿ ಕಾರ್ಮಿಕರಿಗೆ 1860ರ ಕಾಯಿದೆಯೇ ಕೊಟ್ಟಿತ್ತು. ಹೊಸ ನಾಡಿನಲ್ಲಿ ಸಂಘವಿಲ್ಲದ ಗಣಿಗಳ ಕಾರ್ಮಿಕರು ಗುಮಾಸ್ತ ಬರೆದದ್ದನ್ನೇ ಒಪ್ಪಬೇಕಾಗಿತ್ತು.

1904ರಲ್ಲಿ ತನ್ನ ಬಂಡಿಯ ತೂಕವನ್ನು ಬೇಕೆಂದೇ ಕಡಿಮೆ ಬರೆದಿದ್ದಾರೆಂದು ಫಿಲಿಪರಿಗೆ ಖಚಿತವಾಯಿತು. ಮಾತು ಬೆಳೆದು ಹದಿನೆಂಟರ ಹರೆಯದ ಹುಡುಗ ಮೇಲಿನವನಿಗೆ ಹೊಡೆದೇಬಿಟ್ಟ. ಕೆಲಸ ಹೋಯಿತು. ಜೊತೆಯವರು ಅವನ ಪರವಾಗಿ ಮುಷ್ಕರ ಹೂಡಿದರು. ಕಂಪೆನಿಯು ಕುಟುಂಬವನ್ನು ಮನೆಯಿಂದ ಹೊರಹಾಕಿತು. ಸಮುದ್ರ ದಾಟಿ ಬಂದು ವರ್ಷವಾಗುವಷ್ಟರಲ್ಲಿ ತಾಯಿ ಮಕ್ಕಳು ಬೀದಿಗೆ ಬಿದ್ದರು.

ಆ ಏಟನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಕೋಪ? ವಿವೇಕಕ್ಕೆ ಅಧೀನವಾದ ಕೋಪ ಪಾಪವಲ್ಲ, ಅನ್ಯಾಯ ಕಂಡೂ ಕೋಪ ಬಾರದಿರುವುದೇ ದೋಷವಾಗಬಹುದೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಕಳ್ಳ ತಕ್ಕಡಿಯನ್ನು ಕಂಡು ಪ್ರವಾದಿ ಆಮೋಸನೂ ಸುಮ್ಮನಿರಲಿಲ್ಲ. ಫಿಲಿಪರ ಹೆಚ್ಚುಗಾರಿಕೆಯೆಂದರೆ ಆ ಕೋಪವನ್ನು ಮುಂದೆ ಮುಷ್ಟಿಗೆ ಬಿಡದೆ ತಲೆಗೆ ಏರಿಸಿದ್ದು. 1905ರಲ್ಲಿ ಹಾರ್ನಿಂಗ್ ಎಂಬಲ್ಲಿಯ ಗಣಿ ಸಂಘಕ್ಕೆ ಅಧ್ಯಕ್ಷರಾದ ಮೇಲೆ ಅಂಚೆಯ ಮೂಲಕ ಗಣಿತ ಮತ್ತು ವಿಜ್ಞಾನ ಕಲಿಯತೊಡಗಿದರು. ಹದಿನೆಂಟು ತಿಂಗಳ ಪಾಠವನ್ನು ಆರೇ ತಿಂಗಳಲ್ಲಿ ಮುಗಿಸಿದರು. ಲೆಕ್ಕ ಬಾರದವನಿಗೆ ತಕ್ಕಡಿಯ ಮುಂದೆ ನಿಲ್ಲಲು ಬಾರದೆಂದು ಅವರು ಅರಿತಿದ್ದರೆಂದು ತೋರುತ್ತದೆ.

1910ರಲ್ಲಿ ಎಲಿಜಬೆತ್ ಲಾವರಿ ಎಂಬಾಕೆಯೊಡನೆ ವಿವಾಹವಾಯಿತು. ಆಕೆಯ ತಂದೆ ಗಣಿ ಅಪಘಾತದಲ್ಲಿ ಮಡಿದವರು. ದಂಪತಿಗಳು ಒಬ್ಬ ಮಗನನ್ನು ದತ್ತು ತೆಗೆದುಕೊಂಡರು. 1920ರಲ್ಲಿ ಮರ್ರೇಯವರು ಗಣಿ ಕಾರ್ಮಿಕರ ರಾಷ್ಟ್ರೀಯ ಸಂಘದ ಉಪಾಧ್ಯಕ್ಷರಾದರು. 1936ರಲ್ಲಿ ಉಕ್ಕಿನ ಕಾರ್ಖಾನೆಗಳ ಕಾರ್ಮಿಕರನ್ನು ಸಂಘಟಿಸುವ ಹೊಣೆ ಬಂದಿತು. 1937ರ ಮಾರ್ಚ್‌ನಲ್ಲಿ ಅತಿ ದೊಡ್ಡ ಉಕ್ಕಿನ ಕಂಪೆನಿಯೇ ಮುಷ್ಕರವಿಲ್ಲದೆ ಒಪ್ಪಂದಕ್ಕೆ ಸಹಿ ಹಾಕಿತು. ಸಣ್ಣ ಕಂಪೆನಿಗಳು ಬಗ್ಗಲಿಲ್ಲ. ಅದೇ ಮೇ 30ರಂದು ಷಿಕಾಗೋದಲ್ಲಿ ಪೊಲೀಸರ ಗುಂಡಿಗೆ ಹತ್ತು ಮಂದಿ ಬಲಿಯಾದರು. 1940ರಲ್ಲಿ ಮರ್ರೇಯವರು ಸಿ.ಐ.ಓ. ಎಂಬ ಮಹಾ ಕಾರ್ಮಿಕ ಒಕ್ಕೂಟದ ಅಧ್ಯಕ್ಷರಾದರು.

ಅವರು ಭಕ್ತ ಕಥೋಲಿಕರು. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಹೊರಡಿಸಿದ ಪರಿಪತ್ರವು ನ್ಯಾಯವಾದ ಕೂಲಿಯನ್ನು ದಾನವೆಂದಲ್ಲ, ನ್ಯಾಯವೆಂದೇ ಕರೆದಿತ್ತು. 1931ರಲ್ಲಿ ಹನ್ನೊಂದನೆಯ ಪಿಯೂಸ್ ಜಗದ್ಗುರುಗಳು ಆ ಬೋಧನೆಯನ್ನು ಮುಂದುವರಿಸಿದರು. ಧಣಿ ಮತ್ತು ಕಾರ್ಮಿಕ ಒಂದೇ ಮೇಜಿನ ಮುಂದೆ ಕುಳಿತು ಉದ್ಯಮವನ್ನು ನಡೆಸಬೇಕೆಂದು ಮರ್ರೇಯವರು ಮುಂದಿಟ್ಟ ಯೋಜನೆಯಲ್ಲಿ ಈ ಪರಿಪತ್ರಗಳ ಛಾಯೆ ಸ್ಪಷ್ಟವಾಗಿದೆ. ಸರ್ಕಾರವಾಗಲಿ ಧಣಿಗಳಾಗಲಿ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. 1949-50ರಲ್ಲಿ ಕಮ್ಯುನಿಸ್ಟ್ ನಾಯಕತ್ವದ ಹನ್ನೊಂದು ಸಂಘಗಳನ್ನು ಒಕ್ಕೂಟದಿಂದ ಹೊರಹಾಕಿದ್ದನ್ನು ನಮ್ಮವರು ಆಗ ಬಹುವಾಗಿ ಮೆಚ್ಚಿದರು. ಆ ಸಂಘಗಳಲ್ಲಿಯೂ ಬಡವರಿಗಾಗಿ ದುಡಿದವರಿದ್ದರೆಂಬುದನ್ನು ಮರೆಯಲಾಗದು.

ಒಂದು ನೋವು ಅವರನ್ನು ತೀರ ಒಳಗೆ ತಟ್ಟಿರಬೇಕು. ಹಳೆಯ ಒಡನಾಡಿ ಜಾನ್ ಲೂಯಿಸ್ ಅವರೊಡನೆ ಮನಸ್ತಾಪವಾಗಿ 1942ರಲ್ಲಿ ಗಣಿ ಸಂಘದ ಉಪಾಧ್ಯಕ್ಷ ಸ್ಥಾನದಿಂದಲೇ ಅವರನ್ನು ತೆಗೆದುಹಾಕಲಾಯಿತು. ಹತ್ತರ ವಯಸ್ಸಿನಿಂದ ಗಣಿಯವರಾಗಿದ್ದವರಿಗೆ ಗಣಿ ಸಂಘದ ಬಾಗಿಲು ಮುಚ್ಚಿತು. ಅದೇ ವರ್ಷ ಉಕ್ಕು ಕಾರ್ಮಿಕರ ಸಂಘವು ಅವರನ್ನು ತನ್ನ ಮೊದಲ ಅಧ್ಯಕ್ಷರನ್ನಾಗಿ ಆರಿಸಿತು. 1949ರ ಮುಷ್ಕರದ ಕೊನೆಗೆ, ಮುದುಕರಾದ ಉಕ್ಕು ಕಾರ್ಮಿಕರಿಗೆ ಕಂಪೆನಿಯ ಖರ್ಚಿನಲ್ಲಿಯೇ ನಿವೃತ್ತಿ ವೇತನ ದೊರೆಯುವಂತಾಯಿತು.

1952ರ ನವೆಂಬರ್ 9ರಂದು ಮರ್ರೇಯವರು ಸಾನ್‌ಫ್ರಾನ್ಸಿಸ್ಕೋದಲ್ಲಿ ನಿಧನರಾದರು. ತಂದೆಯೊಡನೆ ಮೊದಲು ಬಂದು ನೆಲೆಸಿದ ಪಿಟ್ಸ್‌ಬರ್ಗ್ ಪ್ರದೇಶಕ್ಕೇ ಅವರ ದೇಹವನ್ನು ತಂದು, ಕ್ಯಾಸಲ್ ಷ್ಯಾನನ್ ಎಂಬಲ್ಲಿ ಸಂತ ಅನ್ನಮ್ಮನವರ ಹೆಸರಿನ ಸ್ಮಶಾನದಲ್ಲಿ ಸಮಾಧಿ ಮಾಡಿದರು.