ಗೆದ್ದವನ ತಾಳ್ಮೆ

ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಗೊಳಸಂಗಿಯ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ ಬದುವಿಗಾಗಿ, ಅಣ್ಣತಮ್ಮಂದಿರ ವಾಟಣಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಅದನ್ನು ಅನುಭವದಿಂದಲೇ ಬಲ್ಲರು. ಆ ಗಾದೆಯನ್ನು ಸುಳ್ಳುಮಾಡಿ ತೋರಿಸಿದ ವಕೀಲರೊಬ್ಬರ ಚರಿತ್ರವನ್ನು ಇಂದು ವಾಚಕರ ಮುಂದಿಡುತ್ತೇವೆ. ಅವರೇ ಮಹಾತ್ಮಾ ಗಾಂಧಿಯವರು.

1869ರಲ್ಲಿ ಪೋರಬಂದರದಲ್ಲಿ ಜನಿಸಿ, 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರರಾಗಿ ಮರಳಿದ ಅವರಿಗೆ ವಕೀಲಿಯು ಕೈಹಿಡಿಯಲಿಲ್ಲ. ಮುಂಬಯಿಯ ನ್ಯಾಯಾಲಯದಲ್ಲಿ ಮೊದಲ ಸಲ ಎದ್ದುನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. 1893ರಲ್ಲಿ 105 ಪೌಂಡುಗಳ ಸಂಭಾವನೆಗೆ ಒಪ್ಪಿ, ದಾದಾ ಅಬ್ದುಲ್ಲಾ ಶೇಟರ ದಾವೆಯ ಕೆಲಸಕ್ಕೆಂದು ದಕ್ಷಿಣ ಆಫ್ರಿಕಕ್ಕೆ ತೆರಳಿದರು.

ದಾವೆಯು 40,000 ಪೌಂಡುಗಳದು. ಪ್ರತಿವಾದಿಯಾದ ಪ್ರಿಟೋರಿಯದ ತಯ್ಯಬ ಶೇಟರು ವಾದಿಗೆ ಬಂಧುವೇ ಆಗಿದ್ದರು. ತರುಣ ಬ್ಯಾರಿಸ್ಟರರು ಜಮಾಖರ್ಚಿನ ವಿದ್ಯೆಯನ್ನು ಹೊಸದಾಗಿ ಕಲಿತು ಲೆಕ್ಕದ ಕಾಗದಗಳನ್ನೆಲ್ಲ ಶೋಧಿಸಿದರು. ತಮ್ಮ ಪಕ್ಷವೇ ಬಲವಾದುದೆಂದು ಮನಗಂಡರು. ಆದರೆ ದಾವೆಯು ಹೀಗೆಯೇ ಬೆಳೆದರೆ ವಕೀಲರ ಖರ್ಚಿನಲ್ಲಿ ಎರಡು ಮನೆಗಳೂ ಹಾಳಾಗುವುದನ್ನು ಅವರು ಕಂಡರು. ಆದುದರಿಂದ ಉಭಯ ಪಕ್ಷಗಳಿಗೂ ಬುದ್ಧಿ ಹೇಳಿ, ಪಂಚರ ತೀರ್ಪಿಗೆ ಒಪ್ಪಿಸಿದರು. ತೀರ್ಪು ದಾದಾ ಅಬ್ದುಲ್ಲಾರ ಕಡೆಗಾಯಿತು.

ಸಾಮಾನ್ಯ ವಕೀಲನ ಕೆಲಸ ಇಲ್ಲಿಗೆ ಮುಗಿಯುತ್ತಿತ್ತು. ಸುಮಾರು 37,000 ಪೌಂಡುಗಳನ್ನೂ ಖರ್ಚನ್ನೂ ಒಮ್ಮೆಲೇ ತೆರಬೇಕಾದರೆ ತಯ್ಯಬ ಶೇಟರು ದಿವಾಳಿಯಾಗಬೇಕಾಗಿತ್ತು; ಆ ವರ್ತಕ ಸಮಾಜದಲ್ಲಿ ದಿವಾಳಿಯು ಮರಣಕ್ಕಿಂತಲೂ ಕಠಿಣವಾದುದು. ಗಾಂಧಿಯವರು ಗೆದ್ದ ಪಕ್ಷಗಾರನನ್ನೇ ಹಿಡಿದು ಕುಳಿತು, ದೀರ್ಘಕಾಲದ ಕಂತುಗಳಿಗೆ ಒಪ್ಪಿಸಿದರು. ಪಂಚಾಯಿತಿಗೆ ಒಪ್ಪಿಸುವುದಕ್ಕಿಂತ ಈ ಕೆಲಸವೇ ಅವರಿಗೆ ಹೆಚ್ಚು ಕಷ್ಟವಾಯಿತು. ಹಣವೂ ಉಳಿಯಿತು, ಮಾನವೂ ಉಳಿಯಿತು, ನೆಂಟಸ್ತಿಕೆಯೂ ಉಳಿಯಿತು. ಮುಂದಿನ ಇಪ್ಪತ್ತು ವರ್ಷಗಳ ವಕೀಲಿಯಲ್ಲಿ ಅವರು ನೂರಾರು ವ್ಯಾಜ್ಯಗಳನ್ನು ಹೀಗೆಯೇ ರಾಜಿಯಿಂದ ಮುಗಿಸಿದರು.

1918ರ ಮೇ ತಿಂಗಳಲ್ಲಿ ಪ್ರಾಂತಿಕ ಪರಿಷತ್ತಿಗಾಗಿ ಅವರು ನಮ್ಮ ವಿಜಾಪುರಕ್ಕೂ ಬಂದಿದ್ದರು. 1920ರ ಅಸಹಕಾರದಲ್ಲಿ ಸರಕಾರಿ ನ್ಯಾಯಾಲಯಗಳನ್ನು ತೊರೆದು ಪಂಚಾಯಿತಿಗಳನ್ನು ಸ್ಥಾಪಿಸಬೇಕೆಂಬ ಅಂಶವು ಸೇರಿದುದಕ್ಕೆ ಬೀಜವು ಪ್ರಿಟೋರಿಯದಲ್ಲಿಯೇ ಬಿದ್ದಿತ್ತೆಂದು ನಮಗೆ ತೋರುತ್ತದೆ. 1948ರ ಜನವರಿ 30ರಂದು ಅವರು ಹತರಾದರು.

ಇಂದು ರಾಜಿಗೆ ಕಾಯದೆಯ ಬೆಂಬಲವು ಸಾಕಷ್ಟಿದೆ. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯಂತೆ ಉಭಯರೂ ಸಹಿ ಮಾಡಿದ ಒಡಂಬಡಿಕೆಯು ಡಿಕ್ರಿಯಾಗುತ್ತದೆ. 1987ರ ಕಾಯದೆಯಂತೆ ಲೋಕ ಅದಾಲತ್ತಿನ ನಿರ್ಣಯಕ್ಕೆ ಮೇಲ್ಮನವಿಯಿಲ್ಲ, ನ್ಯಾಯಾಲಯ ಶುಲ್ಕವೂ ಮರಳಿ ದೊರೆಯುತ್ತದೆ. ಆದರೆ ಬಡವನನ್ನು ಹೆದರಿಸಿ ಸಹಿ ಮಾಡಿಸಿದ ಕಾಗದವು ರಾಜಿಯಲ್ಲ. ತೆರಲಾರದ ಹಣಕ್ಕೆ ಒಪ್ಪಿಸಿದ ಕಾಗದವು ಮತ್ತೊಂದು ವ್ಯಾಜ್ಯದ ಬೀಜ. ಸೋತವನು ಎದ್ದು ನಡೆಯುವಷ್ಟು ಅವಕಾಶವನ್ನು ಗೆದ್ದವನು ಕೊಟ್ಟಾಗಲೇ ಒಡಂಬಡಿಕೆಯು ಪೂರ್ಣವಾಗುವುದು. ನಮ್ಮ ವಕೀಲರೂ ಕಕ್ಷಿದಾರರೂ ಇದನ್ನು ಮನಸ್ಸಿಗೆ ತಂದುಕೊಳ್ಳಲಿ.