ಮಾತಿನ ನೆಲೆ ಹುಡುಕಿದ ವೈದ್ಯ ಪಾಲ್ ಬ್ರೋಕಾ

ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವರನ್ನು ನೀವು ನೋಡಿರಬಹುದು. ಅವರಲ್ಲಿ ಕೆಲವರಿಗೆ ಮಾತೂ ನಿಂತುಹೋಗಿರುತ್ತದೆ. ಬಲಗೈಗೂ ಮಾತಿಗೂ ಏನು ಸಂಬಂಧ? ಇದಕ್ಕೆ ಉತ್ತರದ ದಾರಿ ತೋರಿದವರಲ್ಲಿ ಪ್ರಮುಖರು ಫ್ರಾನ್ಸ್ ದೇಶದ ಪಾಲ್ ಬ್ರೋಕಾ.

ಬ್ರೋಕಾ 1824ರ ಜೂನ್ 28ರಂದು ಬೋರ್ಡೋ ನಗರದ ಬಳಿಯ ಸಣ್ಣ ಊರಿನಲ್ಲಿ ವೈದ್ಯರ ಮಗನಾಗಿ ಜನಿಸಿದರು. ಹದಿಹರೆಯದಲ್ಲೇ ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದಿಗೆ ಸೇರಿ, ಮುಂದೆ ಶಸ್ತ್ರಚಿಕಿತ್ಸಕರಾಗಿ ಹೆಸರು ಗಳಿಸಿದರು. 1859ರಲ್ಲಿ ಪ್ಯಾರಿಸ್‌ನ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದರು.

1861ರ ಏಪ್ರಿಲ್‌ನಲ್ಲಿ ಲೆಬೋರ್ನ್ ಎಂಬ 51 ವರ್ಷದ ರೋಗಿ ಅವರ ಚಿಕಿತ್ಸೆಗೆ ಬಂದ. ಏನು ಕೇಳಿದರೂ ಅವನ ಬಾಯಿಂದ ಹೆಚ್ಚಾಗಿ ಬರುತ್ತಿದ್ದುದು ಟಾನ್ ಎಂಬ ಒಂದೇ ಸದ್ದು. ದೇಹದ ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಆದರೆ ಬೇರೆಯವರ ಮಾತು ಬಹುಪಾಲು ಅವನಿಗೆ ಅರ್ಥವಾಗುತ್ತಿತ್ತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಮೆದುಳನ್ನು ಪರೀಕ್ಷಿಸಿದಾಗ ಎಡಭಾಗದ ಮುಂದುಗಡೆ ಒಂದು ಕಡೆ ಹಾಳಾಗಿತ್ತು. ಇಂಥ ಹಲವು ರೋಗಿಗಳನ್ನು ನೋಡಿದ ಬ್ರೋಕಾ, ಮಾತನ್ನು ನಡೆಸುವುದು ಸಾಮಾನ್ಯವಾಗಿ ಎಡಮೆದುಳು ಎಂದು 1865ರಲ್ಲಿ ಪ್ರಕಟಿಸಿದರು. ಮಾರ್ಕ್ ಡಾಕ್ಸ್ ಎಂಬ ವೈದ್ಯರು ಇದನ್ನು ಮೊದಲೇ ಗಮನಿಸಿ ಬರೆದಿಟ್ಟಿದ್ದರು. ಆ ಬರಹವೂ ಅದೇ ವರ್ಷ ಅಚ್ಚಾಯಿತು. ಎಡಮೆದುಳೇ ಬಲಗೈಯನ್ನೂ ನಡೆಸುವುದರಿಂದ ಅಲ್ಲಿ ಪೆಟ್ಟಾದರೆ ಎರಡೂ ಒಟ್ಟಿಗೆ ಸೋಲಬಹುದು.

ಬ್ರೋಕಾ ತಪ್ಪಿದ್ದೂ ಉಂಟು. ತಲೆಬುರುಡೆ ಅಳೆದು ಜನಾಂಗಗಳಲ್ಲಿ, ಸ್ತ್ರೀ ಪುರುಷರಲ್ಲಿ ಮೇಲುಕೀಳು ಎಣಿಸಿದರು. ಆ ವಾದವನ್ನು ವಿಜ್ಞಾನ ಇಂದು ತಳ್ಳಿಹಾಕಿದೆ. 1880ರ ಜುಲೈ 9ರಂದು, 56ನೇ ವಯಸ್ಸಿನಲ್ಲಿ ಅವರು ನಿಧನರಾದರು.

ಮನುಷ್ಯರಲ್ಲಿ ಬಲಗೈ ರೂಢಿ ಬಹಳ ಹಳೆಯದು. ಅಳಿದುಹೋದ ನಿಯಾಂಡರ್ತಲ್ ಮಾನವರ ಹಲ್ಲಿನ ಮೇಲಿನ ಗೀರುಗಳೂ ಅವರಲ್ಲಿ ಹೆಚ್ಚಿನವರು ಬಲಗೈಯವರೆಂದು ತೋರಿಸುತ್ತವೆ. ಇಂದು 100 ಜನರಲ್ಲಿ ಸುಮಾರು 10 ಜನ ಎಡಗೈಯವರು. ಅವರಲ್ಲೂ ಸುಮಾರು 70 ಶೇಕಡಾ ಜನರ ಮಾತಿನ ನೆಲೆ ಎಡಮೆದುಳೇ. ಆದ್ದರಿಂದ ಎಡಗೈ ರೋಗವೂ ಅಲ್ಲ, ದಡ್ಡತನವೂ ಅಲ್ಲ.

ಬಂಧುಗಳೇ, ಊಟ ಬಲಗೈಯಲ್ಲಿ ಎಂಬ ಅದಬನ್ನು ಮಕ್ಕಳಿಗೆ ಪ್ರೀತಿಯಿಂದ ಕಲಿಸೋಣ. ಆದರೆ ಕನ್ನಡವನ್ನು ಎಡದಿಂದ ಬಲಕ್ಕೂ ಉರ್ದುವನ್ನು ಬಲದಿಂದ ಎಡಕ್ಕೂ ಬರೆಯುವ ಮಗು ಎಡಗೈಯಲ್ಲಿ ಬರೆದರೆ ಬೆತ್ತ ಎತ್ತುವುದು ಬೇಡ. ಮನೆಯಲ್ಲಿ ಯಾರಿಗಾದರೂ ಥಟ್ಟನೆ ಮಾತು ತೊದಲಿದರೆ, ಕೈ ಸೋತರೆ, ಬೆಳಗಾಗಲಿ ಎಂದು ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಆಮೇಲೂ ಮಾತು ಮರಳದಿದ್ದರೆ ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ನಿಂತವರಿಗೆ ಬುದ್ಧಿಯೂ ಹೋಯಿತೆಂದು ತಿಳಿಯಬೇಡಿ. ಅವರ ಎದುರು ಕುಳಿತು ನಿಧಾನವಾಗಿ ಮಾತಾಡಿಸಿ.