ಡೀಸೆಲ್ ಮಹಾಶಯನ ಬಯಕೆ

ಕೆಲವರ ಹೆಸರು ಲೋಕದಲ್ಲಿ ನಿಲ್ಲುತ್ತದೆ, ಮನುಷ್ಯ ಮಾತ್ರ ಮರೆಯಾಗುತ್ತಾನೆ. ಡೀಸೆಲ್ ಎಂಬುದು ಲಾರಿಯ ಚಾಲಕನಿಂದ ಹಿಡಿದು ಪಂಪ್‌ಸೆಟ್ಟಿನ ರೈತನವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು. ಅದು ಒಬ್ಬ ಮನುಷ್ಯನ ಹೆಸರೆಂದೂ ಆತನ ಯಂತ್ರ ಯಾವೊಂದು ಎಣ್ಣೆಗೂ ಕಟ್ಟುಬಿದ್ದುದಲ್ಲವೆಂದೂ ಬಲ್ಲವರು ವಿರಳ. ಆತನ ಕಥೆಯನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಬಹುದಿನದ ಆಸೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ. ತಂದೆತಾಯಿಗಳು ಜರ್ಮನರು, ತಂದೆಯದು ಚರ್ಮದ ಸಾಮಾನುಗಳ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಸಂಸಾರವು ಊರು ಬಿಟ್ಟು ಲಂಡನ್ ಸೇರಿತು. ಹನ್ನೆರಡರ ಬಾಲಕನನ್ನು ಔಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿದರು. ಮುಂದೆ ಮ್ಯೂನಿಕ್ಕಿನಲ್ಲಿ, ಶೈತ್ಯಯಂತ್ರಗಳಿಗೆ ಹೆಸರಾದ ಕಾರ್ಲ್ ಲಿಂಡೆಯ ಶಿಷ್ಯನಾಗಿ, 1880ರಲ್ಲಿ ಓದು ಮುಗಿಸಿದನು. ಉಗಿಯಂತ್ರವು ಇದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ಕೆಲಸಕ್ಕೆ ತಂದು ಉಳಿದುದನ್ನು ಚೆಲ್ಲುತ್ತದೆಂಬ ಗುರುವಿನ ಪಾಠ ಆತನ ಮನಸ್ಸನ್ನು ಕೊರೆಯಿತು. ಉಗಿಯಂತ್ರ ಸಿರಿವಂತರ ಸೊತ್ತು. ಸಣ್ಣ ಕಸುಬುದಾರನಿಗೂ ಎಟುಕುವ ಯಂತ್ರವೊಂದು ಬೇಕೆಂಬುದು ಆತನ ಇನ್ನೊಂದು ಚಿಂತೆ.

ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿಗೆ ಎಣ್ಣೆ ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಈ ತತ್ತ್ವಕ್ಕೆ 1893ರಲ್ಲಿ ಹಕ್ಕುಪತ್ರ ದೊರೆಯಿತು. ಅದೇ ವರ್ಷ ಆಗಸ್ಟ್ 10ರಂದು ಔಗ್ಸ್‌ಬರ್ಗಿನಲ್ಲಿ ಮೊದಲ ಯಂತ್ರಕ್ಕೆ ಎಣ್ಣೆ ಹಾಯಿಸಿದಾಗ ಒತ್ತಡದ ಮಾಪಕವೇ ಸಿಡಿದುಹೋಯಿತು. ಆತನು ಧೃತಿಗೆಡಲಿಲ್ಲ. 1897ರ ಪರೀಕ್ಷೆಯಲ್ಲಿ ಯಂತ್ರವು ಶಾಖದ ನೂರರಲ್ಲಿ 26 ಪಾಲನ್ನು ಕೆಲಸಕ್ಕೆ ತಂದಿತು.

ಆಗಸ್ಟ್ 10 ಇಂದು ಜೈವಿಕ ಇಂಧನದ ದಿನ. ಅಂದು ಯಂತ್ರ ಕಡಲೆಕಾಯಿ ಎಣ್ಣೆಯಿಂದ ಓಡಿತೆಂದು ಹಲವರು ಬರೆಯುವುದುಂಟು, ಅದು ಸರಿಯಲ್ಲ. ಕಡಲೆಕಾಯಿ ಎಣ್ಣೆಯ ಪ್ರಯೋಗ ನಡೆದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಫ್ರೆಂಚ್ ಸರಕಾರದ ಅಪೇಕ್ಷೆಯಂತೆ ಆಟೋ ಕಂಪನಿಯವರು ಒಂದು ಪುಟ್ಟ ಯಂತ್ರವನ್ನು ಆ ಎಣ್ಣೆಯಿಂದ ಓಡಿಸಿ ತೋರಿಸಿದರು. ಡೀಸೆಲ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡನು. 1912ರಲ್ಲಿ ಆತನು ಹರಳೆಣ್ಣೆಯ ಜೊತೆಗೆ ಮೀನೆಣ್ಣೆಯಂಥ ಪ್ರಾಣಿಜನ್ಯ ಕೊಬ್ಬೂ ಯಂತ್ರಕ್ಕೆ ಒಗ್ಗಿದುದನ್ನು ಹೇಳಿ, ಇಂಥ ಎಣ್ಣೆಗಳಿಗೂ ಮುಂದೊಂದು ದಿನ ಬೆಲೆ ಬಂದೀತೆಂದು ನುಡಿದನು.

ಆ ದಿನ ನೋಡಲು ಆತನು ಉಳಿಯಲಿಲ್ಲ. ವ್ಯಾಜ್ಯಗಳು, ಅನಾರೋಗ್ಯ, ಸಾಲ ಆತನನ್ನು ಹಿಂಡಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಹಡಗಿನಲ್ಲಿ ಊಟ ಮುಗಿಸಿ ಕೋಣೆಗೆ ಹೋದವನು ಬೆಳಗಿಗೆ ಕಾಣಲಿಲ್ಲ. ಕೆಲದಿನಗಳ ಮೇಲೆ ಕಡಲಲ್ಲಿ ಸಿಕ್ಕ ಶವದ ಮೇಲಿದ್ದ ವಸ್ತುಗಳನ್ನು ಮಗನು ಗುರುತಿಸಿದನು. ಆತ್ಮಹತ್ಯೆಯೆಂಬ ಮತವೇ ಬಲವಾದುದು. ಅಷ್ಟರಲ್ಲಿ ಅಗ್ಗದ ಪೆಟ್ರೋಲಿಯಂ ಆತನ ಯಂತ್ರವನ್ನು ವಶಮಾಡಿಕೊಳ್ಳತೊಡಗಿತ್ತು.

ಈ ಕಥೆಯನ್ನು ನಾನು ನೆನೆಯುವುದು ಬೆಂಗಳೂರಿನ ಪೂರ್ವದಂಚಿನ ಪಟ್ಟಂದೂರು ಅಗ್ರಹಾರದಲ್ಲಿ. ಕೆರೆಯ ಹೆಸರು ಉಳಿದಿರುವ ಈ ಊರಲ್ಲಿ ಗಾಜಿನ ಕಚೇರಿಗಳೆದ್ದಿವೆ. 2023ರಲ್ಲಿ ಮೆಟ್ರೋ ರೈಲೂ ಬಂದಿತು. ವಿದ್ಯುತ್ತು ಹೋದೊಡನೆ ಕಟ್ಟಡಗಳ ಹಿಂದೆ ಆತನ ಯಂತ್ರಗಳೇ ಗುಡುಗುತ್ತವೆ. ಆ ಕಟ್ಟಡಗಳ ಅಡಿಗೆಮನೆಗಳಲ್ಲೇ ವಡೆ, ಬೋಂಡಾ ಕರಿದ ಎಣ್ಣೆಯೂ ಮಿಗುತ್ತದೆ.

ಅಂಥ ಎಣ್ಣೆಯನ್ನೂ ಮಾಂಸದಂಗಡಿಯ ಕೊಬ್ಬನ್ನೂ ಹಾಗೆಯೇ ಸುರಿದರೆ ಅವುಗಳ ಮಂದತೆಯಿಂದ ಯಂತ್ರದ ಸಣ್ಣ ರಂಧ್ರಗಳು ಕಟ್ಟುತ್ತವೆ. ಸೋಸಿ, ನೀರಿನಂಶ ತೆಗೆದು, ಮೆಥನಾಲ್ ಮತ್ತು ಕ್ಷಾರ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು ತೆಳುವಾದ ಇಂಧನ ಮೇಲೆ ನಿಲ್ಲುತ್ತದೆ. ಎಣ್ಣೆ ಹುಳಿತಿದ್ದರೆ ಕ್ಷಾರ ಸೇರಿ ಸಾಬೂನಾಗುವುದರಿಂದ ಮೊದಲು ಆಮ್ಲದ ಸಂಸ್ಕಾರ ಬೇಕು. ಕೊಬ್ಬಿನಿಂದಾದ ಇಂಧನ ಚಳಿಗೆ ಬೇಗ ಹೆಪ್ಪುಗಟ್ಟುತ್ತದೆ. ನಮ್ಮ ಹವೆಗೆ ಆ ತೊಡಕು ಕಡಿಮೆ.

ಆದರೆ ಕರಿದ ಎಣ್ಣೆ ಯಂತ್ರಕ್ಕೆ ಹೋಗದಿದ್ದರೆ ಬೀದಿಯ ಬಾಣಲೆಗೆ ಮರಳಿ, ಬಡವನ ಹೊಟ್ಟೆ ಸೇರುವ ಭಯವಿದೆ. ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ನ್ನು ಮೀರಿದ ಎಣ್ಣೆಯಲ್ಲಿ ಅಡಿಗೆ ಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಸಂಗ್ರಹಿಸಿ ಇಂಧನವಾಗಿಸುವ ಸರಕಾರದ ಯೋಜನೆಯೂ ಅದೇ ವರ್ಷ ಹೊರಟಿತು. ನಿಯಮವೊಂದೇ ಸಾಲದು. ಬೀದಿಯವನು ಕೊಡುವುದಕ್ಕಿಂತ ಹೆಚ್ಚಿನ ಬೆಲೆಯನ್ನು ಇಂಧನದವನು ಕೊಟ್ಟಾಗಲೇ ಎಣ್ಣೆ ಸರಿದಾರಿ ಹಿಡಿದೀತೆಂಬುದು ನನ್ನ ಅಭಿಪ್ರಾಯ. ಸಣ್ಣವನಿಗೆ ನೆರವಾಗಲೆಂದು ಯಂತ್ರ ಕಟ್ಟಿದವನ ಬಯಕೆಗೆ ಅದಕ್ಕಿಂತ ಒಪ್ಪುವ ಫಲ ಬೇರೊಂದಿಲ್ಲ.